ಐಸಿನ ತಲೆ ಯಾವ ಕಡೆ?

ವಾಮನ ಮೆಂಡನ್ ಕೋಲ್ಡ್ ಸ್ಟೋರೇಜಿನ ಬಾಗಿಲು ತೆರೆಯುವ ಮೊದಲು ಉಣ್ಣೆಯ ಟೋಪಿಯನ್ನು ಒಂದು ಪಕ್ಕಕ್ಕೆ ಸರಿಸಿ, ಬಲಗಿವಿಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಗೋಡೆಯ ಮೇಲೆ ಡಿಜಿಟಲ್ ಮೀಟರ್ ಇತ್ತು, ಕಂಪ್ಯೂಟರಿನಲ್ಲಿ ಗ್ರಾಫ್ ಬರುತ್ತಿತ್ತು, ಒಂದು ಡಿಗ್ರಿ ಹೆಚ್ಚಾದರೆ ಮೂರು ಜನರ ಫೋನಿಗೆ ಮೆಸೇಜ್ ಹೋಗುತ್ತಿತ್ತು. ಅವರು ಯಾವುದನ್ನೂ ನಂಬುತ್ತಿರಲಿಲ್ಲ. "ಮೀಟರು ಆದದ್ದನ್ನು ಹೇಳ್ತದೆ ಡಾಕ್ಟ್ರೇ, ಕಂಪ್ರೆಸರು ಆಗ್ಲಿಕ್ಕಿರುವುದನ್ನು ಹೇಳ್ತದೆ" ಅನ್ನುತ್ತಿದ್ದರು. ಮೊದಲ ದಿನ ಅವರನ್ನು ಆ ಭಂಗಿಯಲ್ಲಿ ನೋಡಿದಾಗ ಯಾರಿಗೋ ತಲೆ ಸುತ್ತು ಬಂದಿದೆ ಎಂದುಕೊಂಡು ನೀರಿನ ಬಾಟಲಿ ಹಿಡಿದು ಓಡಿ ಹೋಗಿದ್ದೆ.

ನಾನಾಗ ಡಾಕ್ಟರಾಗಿರಲಿಲ್ಲ. ಐರ್ಲೆಂಡಿನ ಮೇನೂತ್‌ನಲ್ಲಿ ಮನೆ ಮಾಡಿಕೊಂಡು ಹಿಮನದಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಮೈಸೂರಿನವಳು ನಾನು, ಡಿಸೆಂಬರಿನ ಬೆಳಗಿಗೆ ಸ್ವೆಟರು, ಅದರ ಮೇಲೆ ಶಾಲು, ಅದರ ಮೇಲೆ ಮಂಕಿ ಕ್ಯಾಪ್ ಹಾಕುವ ವಂಶ ನಮ್ಮದು. ಅಂಥವಳು ಐಸಿನ ಹಿಂದೆ ಬಿದ್ದದ್ದು ಹೇಗೆ ಎಂದು ನಮ್ಮ ದೊಡ್ಡಮ್ಮ ಈಗಲೂ ಕೇಳುತ್ತಾರೆ. ನಮ್ಮ ಲ್ಯಾಬಿನಲ್ಲಿ ಜಾಗ ಸಾಲದೆ, ಡಬ್ಲಿನ್ನಿನ ಅಂಚಿನ ಕ್ಲಾಂಡಾಲ್ಕಿನ್‌ನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಆಹಾರದ ಕೋಲ್ಡ್ ಸ್ಟೋರೇಜಿನ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಮುಂದಿನ ಕೋಣೆಯಲ್ಲಿ ಬಟಾಣಿ, ನಡುವಿನದರಲ್ಲಿ ಮೀನು, ಹಿಂದಿನದರಲ್ಲಿ ಹಿಮಾಲಯ. ಮೂರಕ್ಕೂ ವಾಮನ ಮೆಂಡನ್ನರೇ ಕಾವಲು.

ಹಿಮಾಲಯ ಅಂದರೆ ಎಂಬತ್ತೆರಡು ತುಂಡು ಮಂಜುಗಡ್ಡೆ. ಎತ್ತರದ ಒಂದು ಹಿಮನದಿಯನ್ನು ಮೇಲಿನಿಂದ ಕೆಳಗೆ ಕೊರೆದು ತೆಗೆದ ಕಂಬ ಅದು. ಸಾಗಿಸಲು ಅನುಕೂಲವಾಗಲೆಂದು ಮೊಳದುದ್ದಕ್ಕೆ ಗರಗಸದಲ್ಲಿ ಕೊಯ್ದು, ಒಂದೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ್ದರು. ಮೇಲಿನ ತುಂಡಿನಲ್ಲಿ ಇತ್ತೀಚಿನ ವರ್ಷಗಳ ಹಿಮ, ಕೆಳಕ್ಕೆ ಹೋದಷ್ಟೂ ಹಳೆಯ ವರ್ಷಗಳದು. ಆ ಹಿಮದೊಳಗೆ ಆಯಾ ಕಾಲದ ಧೂಳು, ಹೊಗೆ, ಗಾಳಿ ಸಿಕ್ಕಿಕೊಂಡಿರುತ್ತದೆ. ಅದನ್ನು ಸಾಲಾಗಿ ಓದುವುದೇ ನನ್ನ ಕೆಲಸ. ಆ ಹಿಮನದಿ ಪ್ರತಿ ಬೇಸಿಗೆಯೂ ಕರಗುತ್ತಿತ್ತು; ಕೊರೆದ ಜಾಗದಲ್ಲಿ ಈಗ ನೀರು ಹರಿಯುತ್ತದೆ ಎಂದು ಸುದ್ದಿ ಬಂದಿತ್ತು. ಮತ್ತೆ ಹೋಗಿ ತರುತ್ತೇವೆ ಎನ್ನುವ ಮಾತಿರಲಿಲ್ಲ. ಇದ್ದದ್ದು ಆ ಎಂಬತ್ತೆರಡೇ.

ಮೆಂಡನ್ನರು ಮಲ್ಪೆಯವರು. ಮೀಸೆ ಮೂಡುವ ಮೊದಲೇ ಅಲ್ಲಿಯ ಐಸ್ ಪ್ಲಾಂಟ್ ಸೇರಿ, ದೋಣಿಗಳಿಗೆ ಐಸು ಮಾಡಿಕೊಟ್ಟು, ಮೀನು ತುಂಬಿಸಿ, ಕೊನೆಗೆ ಯಂತ್ರಗಳ ಮೇಸ್ತ್ರಿಯಾದವರು. ಹೆಂಡತಿ ಸುಜಯಕ್ಕನಿಗೆ ಡಬ್ಲಿನ್ನಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ಜೊತೆಗೆ ಬಂದರು. ಬಂದ ಮೊದಲ ವಾರವೇ ಈ ಕೋಲ್ಡ್ ಸ್ಟೋರೇಜಿನ ಗೋಡೆಗೆ ಕಿವಿ ಇಟ್ಟು, "ನಿಮ್ಮ ಎರಡನೇ ಮೋಟಾರಿನ ಬೇರಿಂಗ್ ಹೋಗ್ಲಿಕ್ಕಾಯ್ತು" ಎಂದು ಕೈಸನ್ನೆಯಲ್ಲಿ ಹೇಳಿ ಕೆಲಸ ಗಿಟ್ಟಿಸಿದರಂತೆ. ಇದನ್ನು ಅವರು ನನಗೆ ಹತ್ತು ಸಲವಾದರೂ ಹೇಳಿದ್ದಾರೆ; ಒಂಬತ್ತನೆಯ ಸಲಕ್ಕೆ ಅದು ಮೂರನೇ ಮೋಟಾರ್ ಆಗಿತ್ತು.

ಅವರ ಕಾನೂನುಗಳು ಬಹಳ ಕಟ್ಟುನಿಟ್ಟು. ಹಸಿದ ಹೊಟ್ಟೆಯಲ್ಲಿ ಒಳಗೆ ಹೋಗಕೂಡದು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಕೂಡದು. ಹೊರಗೆ ಬಂದ ಕೂಡಲೇ ಮೂಗು ತೋರಿಸಬೇಕು. ಅದು ಬೆಳ್ಳಗಾಗಿದ್ದರೆ ಆ ದಿನದ ಕೆಲಸ ಮುಗಿಯಿತು. ಕ್ಯಾಂಟೀನಿನಲ್ಲಿ ಅವರ ಎರಡು ಡಬ್ಬ ಇರುತ್ತಿದ್ದವು. ಒಂದರಲ್ಲಿ ಅವರ ಒಣಮೀನಿನ ಚಟ್ನಿ. ಇನ್ನೊಂದರ ಮುಚ್ಚಳಕ್ಕೆ ಹಸಿರು ಟೇಪ್ ಅಂಟಿಸಿ, "ಇದು ಮೀನಿನ ಗಾಳಿಯೂ ಸೋಕದ ಡಬ್ಬ, ಮೈಸೂರಿನವರಿಗೆ" ಎಂದು ಎಲ್ಲರೆದುರಿಗೂ ಘೋಷಿಸಿ ನನ್ನ ಮುಂದೆ ಇಡುತ್ತಿದ್ದರು. ಸುಜಯಕ್ಕ ಕಳಿಸಿದ ಉದ್ದಿನ ದೋಸೆ, ಶುಂಠಿ ಹಾಕಿದ ಚಹಾ. ಅದನ್ನು ತಿನ್ನದೆ ನನಗೆ ಬಾಗಿಲಿನ ಕೀ ಸಿಗುತ್ತಿರಲಿಲ್ಲ.

ಒಂದು ದಿನ ನನ್ನ ಐಸನ್ನು ತೋರಿಸಿ ಎಂದರು. ಬೆಳಕಿಗೆ ಹಿಡಿದು ನೋಡಿ ಮುಖ ಕಿವುಚಿದರು.

"ಎಂಥ ಡಾಕ್ಟ್ರೇ ಇದು, ಒಳಗೆಲ್ಲ ಗುಳ್ಳೆ! ನಮ್ಮ ಪ್ಲಾಂಟಲ್ಲಿ ಇಂಥ ಐಸ್ ಬಂದ್ರೆ ದೋಣಿಯವರು ವಾಪಸ್ ಬಿಸಾಡ್ತಿದ್ರು."

"ನಮಗೆ ಬೇಕಿರೋದೇ ಆ ಗುಳ್ಳೆ. ಅದರೊಳಗೆ ಆಗಿನ ಕಾಲದ ಗಾಳಿ ಇದೆ" ಎಂದೆ.

"ಯಾವ ಕಾಲದ್ದು?"

"ನಮ್ಮಜ್ಜಿಯ ಅಜ್ಜಿ ಕಾಲದ್ದು ಅಂದ್ಕೊಳ್ಳಿ."

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಹಾಗಾದ್ರೆ ಮೋಟಾರ್ ಬೋಟ್ ಬರುವ ಮುಂಚಿನದ್ದು" ಎಂದು ಅವರಿಗೆ ತಿಳಿದ ಕ್ಯಾಲೆಂಡರಿನಲ್ಲಿ ಅದನ್ನು ಕೂರಿಸಿಕೊಂಡರು. ಕೊಯ್ದು ಉಳಿದ ಒಂದು ಚೂರನ್ನು ನಾನು ನೀರಿನ ಲೋಟಕ್ಕೆ ಹಾಕಿ ಅವರ ಕೈಗೆ ಕೊಟ್ಟೆ. ಅಂಥ ಐಸು ಕರಗುವಾಗ ಒಳಗಿನ ಗಾಳಿ ಪಟಪಟನೆ ಸಿಡಿಯುತ್ತದೆ. ಅವರು ಅಭ್ಯಾಸದಂತೆ ಲೋಟಕ್ಕೆ ಕಿವಿ ಇಟ್ಟರು. ಚೂರು ಪೂರ್ತಿ ಕರಗುವವರೆಗೂ ಕಿವಿ ತೆಗೆಯಲಿಲ್ಲ. ಆಮೇಲೆ, "ನಲ್ವತ್ತು ವರ್ಷ ಐಸಿನಲ್ಲೇ ಕಳೆದಿದ್ದೇನೆ ಮಾರಾಯ್ರೆ. ತನ್ನಷ್ಟಕ್ಕೆ ಆದ ಐಸನ್ನು ಒಮ್ಮೆಯೂ ನೋಡ್ಲಿಲ್ಲ" ಎಂದರು. ಡಬ್ಲಿನ್ನಿನಲ್ಲಿ ಅಪರೂಪಕ್ಕೆ ಬೀಳುವ ಹಿಮವನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅದು ಆಕಾಶದ ತಲೆಹೊಟ್ಟು ಎನ್ನುವುದು ಅವರ ಅಭಿಪ್ರಾಯ.

ಆ ಚಳಿಗಾಲದ ಕೊನೆಗೆ ದೊಡ್ಡ ಬಿರುಗಾಳಿ ಬಂತು. ರೆಡ್ ವಾರ್ನಿಂಗ್ ಕೊಟ್ಟಿದ್ದರು, ಯಾರೂ ಮನೆಯಿಂದ ಹೊರಗೆ ಹೊರಡುವಂತಿಲ್ಲ. ನಾನು ಮೇನೂತ್‌ನಲ್ಲಿ ಕಿಟಕಿಯ ಪಕ್ಕ ಕೂತು, ಪಕ್ಕದ ಮನೆಯವರ ಟ್ರ್ಯಾಂಪೊಲೀನ್ ಬೇಲಿ ಹಾರಿ ಹೋಗುವುದನ್ನು ನೋಡುತ್ತಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಮೆಂಡನ್ನರ ಫೋನ್ ಬಂತು. ಹಿಂದಿನ ದಿನವೇ ಕಂಪ್ರೆಸರು ಕೆಮ್ಮುತ್ತಿತ್ತೆಂದು, ವಾರ್ನಿಂಗ್ ಶುರುವಾಗುವ ಮೊದಲೇ ಬೆಳಗಿನ ಐದಕ್ಕೆ ಹೋಗಿ ಒಳಗೆ ಸೇರಿಕೊಂಡಿದ್ದರು.

"ಗಾಬರಿ ಆಗ್ಬೇಡಿ. ಕರೆಂಟ್ ಹೋಗಿ ಎರಡು ಗಂಟೆ ಆಯ್ತು. ಜನರೇಟರ್ ಈಗ ನಿಂತಿತು. ನಾಳೆಯವರೆಗೆ ಕರೆಂಟ್ ಇಲ್ಲ ಅಂತಾರೆ. ಬಾಗಿಲು ಮುಚ್ಚಿಟ್ಟರೆ ಸಂಜೆವರೆಗೆ ತಡೀತದೆ, ಆಮೇಲೆ ಗ್ಯಾರಂಟಿ ಇಲ್ಲ. ಅಂಗಳದಲ್ಲಿ ಡ್ರೈವರ್ ಡೆಕ್ಲನ್‌ನ ಮೀನಿನ ಲಾರಿ ಉಂಟು, ಖಾಲಿ. ಅದರ ಫ್ರೀಜರಿಗೆ ಅದರದ್ದೇ ಡೀಸೆಲ್ ಮೋಟಾರ್. ಅದಕ್ಕೆ ಹಾಕುವುದಾ? ಐಸ್ ನಿಮ್ಮದು. ನೀವು ಹೇಳಿ."

ನನ್ನ ಗೈಡ್ ಪ್ರೊಫೆಸರ್ ಗ್ರಾನ್ಯ ಅವರಿಗೆ ಫೋನ್ ಹಚ್ಚಿದೆ, ಅವರ ಕಡೆ ಸಿಗ್ನಲ್ ಇರಲಿಲ್ಲ. ಮೆಂಡನ್ನರಿಗೆ ವಾಪಸ್ ಫೋನ್ ಮಾಡಿ, ಹಾಕಿ ಎಂದು ಹೇಳಿದೆ. ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮುಂದಿನ ವಾರದ ಕೆಲಸಕ್ಕೆಂದು ಎಂಬತ್ತೆರಡು ತುಂಡನ್ನೂ ರ‍್ಯಾಕಿನ ಮೇಲೆ ಜೋಡಿಸಿ, ಅವುಗಳ ಸ್ವಂತ ಪೆಟ್ಟಿಗೆಗಳನ್ನು ತೊಳೆಯಲು ಮೇನೂತ್‌ಗೆ ತಂದಿದ್ದೆ. ಹಾಗಾಗಿ ಮೆಂಡನ್ನರಿಗೆ ಕೈಗೆ ಸಿಕ್ಕಿದ್ದು ಮೀನು ತುಂಬುವ ಬಿಳಿ ಥರ್ಮೊಕೋಲ್ ಪೆಟ್ಟಿಗೆಗಳು. ಅವರು ಕತ್ತಲೆಯ ಕೋಣೆಯಲ್ಲಿ ಹಣೆಗೆ ಟಾರ್ಚ್ ಕಟ್ಟಿಕೊಂಡು ಒಬ್ಬರೇ ತುಂಬಿಸುತ್ತಿದ್ದಾಗ ನಾನು ತಡೆಯಲಾರದೆ ಒಂದು ಸಲ ಫೋನ್ ಮಾಡಿ, "ಆಯ್ತಾ? ಆಯ್ತಾ?" ಎಂದು ಕೇಳಿದೆ. "ಆಗ್ತದೆ, ಇಡಿ" ಎಂದು ಇಟ್ಟರು.

ಎರಡು ದಿನದ ನಂತರ ರಸ್ತೆ ತೆರೆದು, ಕರೆಂಟ್ ಬಂದು, ನಾನು ಹೋದಾಗ ಪೆಟ್ಟಿಗೆಗಳೆಲ್ಲ ಹಿಂದಿನ ಕೋಣೆಗೆ ಮರಳಿದ್ದವು. ಒಂದು ತುಂಡೂ ಒಡೆದಿರಲಿಲ್ಲ, ಒಂದು ಹನಿಯೂ ಕರಗಿರಲಿಲ್ಲ. ಆಮೇಲೆ ಚೀಲಗಳನ್ನು ಒಂದೊಂದಾಗಿ ಹತ್ತಿರದಿಂದ ನೋಡಿದೆ.

ಪ್ರತಿ ತುಂಡಿನ ಅಂಕಿ ಚೀಲದೊಳಗಿನ ಚೀಟಿಯಲ್ಲಿತ್ತು. ಆದರೆ ತುಂಡಿನ ಮೇಲ್ತುದಿ ಯಾವುದು ಎನ್ನುವ ಬಾಣದ ಗುರುತನ್ನು ನಾನು ಚೀಲದ ಹೊರಗೆ ಒಂದು ಅಗ್ಗದ ಪೆನ್ನಿನಿಂದ ಬರೆದಿದ್ದೆ. ಚೀಲದ ಮೇಲೆ ಕೂತ ಹಿಮದ ಪುಡಿಯನ್ನು ಮೆಂಡನ್ನರು ಕೈಗವಸಿನಿಂದ ಚೆನ್ನಾಗಿ ಒರೆಸಿದ್ದರು, ಮೀನಿನ ಪೆಟ್ಟಿಗೆಗೆ ಒದ್ದೆ ಹೋಗಬಾರದಲ್ಲ. ಬಾಣಗಳೂ ಒರೆಸಿಹೋಗಿದ್ದವು. ಅದು ಸಾಲದೆಂಬಂತೆ, ತುಂಡುಗಳನ್ನು ಬಂಗುಡೆಯ ಹಾಗೆ ಒಂದರ ತಲೆ ಇತ್ತ, ಮತ್ತೊಂದರ ತಲೆ ಅತ್ತ ಮಾಡಿ ತುಂಬಿಸಿದ್ದರು. ತುಂಡು ತಲೆಕೆಳಗಾದರೆ ವರ್ಷಗಳೂ ತಲೆಕೆಳಗಾಗುತ್ತವೆ. ನನ್ನ ನಾಲ್ಕು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

"ಇದು ಮೀನಲ್ಲ!" ಎಂದು ಕಿರುಚಿದೆ. "ಮೀನಿಗೆ ತಲೆ ದಪ್ಪ, ಬಾಲ ಸಣ್ಣ, ಹಾಗಾಗಿ ತಿರುಗಿಸಿ ಇಡ್ತಾರೆ. ಇದಕ್ಕೆ ಎರಡೂ ಕಡೆ ಒಂದೇ ಇದೆಯಲ್ಲ! ಯಾಕೆ ತಿರುಗಿಸಿದ್ರಿ?"

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ನನಗೆ ಗೊತ್ತುಂಟು ಡಾಕ್ಟ್ರೇ. ಕೈಗೆ ಗೊತ್ತಿಲ್ಲ" ಎಂದಷ್ಟೇ ಹೇಳಿ ಹೊರಗೆ ಹೋದರು. ಎರಡು ದಿನ ಮನೆಗೂ ಹೋಗದೆ ಲಾರಿಯ ಮೋಟಾರಿಗೆ ಕಿವಿ ಕೊಟ್ಟು ಕೂತವರಿಗೆ ಹಾಗೆ ಕೂಗಿದೆನಲ್ಲ ಎಂದು ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಇಪ್ಪತ್ತು ನಿಮಿಷ ಮೀರಿದ್ದಕ್ಕೆ ಅವರೇ ವಾಪಸ್ ಬಂದು ನನ್ನನ್ನು ಹೊರಗೆ ಕರೆದರು. ಚಹಾ ಕೊಟ್ಟರು. ನಾನು ಕುಡಿದು ಮುಗಿಸುವವರೆಗೂ ಕಾದು ಕೇಳಿದರು.

"ನಿಮ್ಮ ರ‍್ಯಾಕಲ್ಲಿ ಎಲ್ಲದರ ತಲೆ ಒಂದೇ ಕಡೆಗೆ ಇತ್ತಾ?"

"ಹೂಂ. ಎಲ್ಲಾ ಬಾಗಿಲ ಕಡೆಗೆ."

"ಹಾಗಾದ್ರೆ ಏನೂ ಹೋಗ್ಲಿಲ್ಲ. ಬಾಗಿಲ ಕಡೆಯ ತುದಿ ಯಾವಾಗಲೂ ನನ್ನ ಎಡಗೈಯಲ್ಲಿ. ಮೀನಿನ ಪೆಟ್ಟಿಗೆಗೆ ನೀರು ಇಳಿಯುವ ತೂತು ಒಂದು ತುದಿಯಲ್ಲಿ ಮಾತ್ರ ಉಂಟಲ್ವಾ, ಮೊದಲನೆಯದರ ತಲೆ ತೂತಿನ ಕಡೆಗೆ. ಎರಡನೆಯದು ಆಚೆಗೆ. ಮೇಲಿನ ಸಾಲು ಆಚೆಯಿಂದ ಶುರು. ಹದಿನಾಲ್ಕನೇ ವಯಸ್ಸಿಗೆ ಕಲಿತ ಕೈ ಇದು, ನಾನು ಹೇಳಿದ್ರೂ ಬೇರೆ ಥರ ಇಡ್ಲಿಕ್ಕಿಲ್ಲ."

ಗ್ರಾನ್ಯ ಮರುದಿನ ಬಂದರು. ಒಳ್ಳೆಯ ಮನಸ್ಸಿನವರು, ಆದರೆ ತಮ್ಮ ತಾಯಿ ಹೇಳಿದ್ದನ್ನೂ ಎರಡು ಸಲ ಅಳೆದು ನೋಡುವವರು. ಪೂರ್ತಿ ಕೇಳಿ, "ಕಥೆ ಗ್ರ್ಯಾಂಡ್ ಆಗಿದೆ. ಆದರೆ ಇದನ್ನು ನಾನು ಪುರಾವೆ ಅಂತ ಹೇಗೆ ಬರೆಯಲಿ?" ಎಂದರು. ನಾನು ಅನುವಾದ ಮಾಡುವ ಮೊದಲೇ ಮೆಂಡನ್ನರು, "ಟೆಸ್ಟ್ ಮಿ" ಎಂದುಬಿಟ್ಟರು.

ಹುಡುಕಿದಾಗ ಹದಿಮೂರು ಚೀಲಗಳ ಮೇಲೆ ಬಾಣ ಇನ್ನೂ ಮಸುಕಾಗಿ ಉಳಿದಿತ್ತು. ಗ್ರಾನ್ಯ ಅವುಗಳ ಪಟ್ಟಿ ಮಾಡಿಕೊಂಡು ಕ್ಯಾಂಟೀನಿಗೆ ಬಂದು ಮೆಂಡನ್ನರ ಎದುರಿಗೆ ಕೂತರು. ಪೆಟ್ಟಿಗೆಗಳು ಒಳಗೆ, ಇವರು ಹೊರಗೆ. "ಮೂರನೆಯ ಪೆಟ್ಟಿಗೆ, ಮೇಲಿನ ಸಾಲು, ಎರಡನೆಯದು" ಎಂದರು ಗ್ರಾನ್ಯ. ಮೆಂಡನ್ನರು ಕಣ್ಣು ಮುಚ್ಚಿ, ಖಾಲಿ ಮೇಜಿನ ಮೇಲೆ ಎರಡೂ ಕೈಯಾಡಿಸಿ, ಇಲ್ಲದ ತುಂಡುಗಳನ್ನು ಒಂದೊಂದಾಗಿ ಇಡುತ್ತ ಹೋದರು. ನಾನು ಮೇಜಿನ ಕೆಳಗೆ ಬೆರಳು ಹೆಣೆದುಕೊಂಡು ಕೂತಿದ್ದೆ.

"ತೂತಿನ ಕಡೆ."

ಗ್ರಾನ್ಯ ಮುಖದಲ್ಲಿ ಏನೂ ತೋರಿಸದೆ ಗುರುತು ಹಾಕಿ ಮುಂದಿನದನ್ನು ಕೇಳಿದರು. ಹೀಗೆ ಒಂಬತ್ತಾಯಿತು. ಹತ್ತನೆಯದು ಏಳನೆಯ ಪೆಟ್ಟಿಗೆಯ ಮೇಲಿನ ಸಾಲಿನದು. ಮೆಂಡನ್ನರ ಕೈ ಗಾಳಿಯಲ್ಲಿ ನಿಂತಿತು. ಇನ್ನೊಂದು ಸಲ ಮೊದಲಿನಿಂದ ಇಟ್ಟು ನೋಡಿದರು, ಅದೇ ಜಾಗದಲ್ಲಿ ಮತ್ತೆ ನಿಂತಿತು. ಕಣ್ಣು ತೆರೆದು ನನ್ನ ಕಡೆ ನೋಡಿದರು.

"ಇಲ್ಲಿ ನೀವು ಫೋನ್ ಮಾಡಿದ್ರಿ. ಇಟ್ಟ ಮೇಲೆ ಎಲ್ಲಿಂದ ಶುರು ಮಾಡಿದೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೀಲಿಕ್ಕೆ ಹೇಳಿ ಅವರಿಗೆ."

ನಾನು ಹೇಳಿದೆ. ಗ್ರಾನ್ಯ ಪೆನ್ನು ಕೆಳಗಿಟ್ಟು ಅವರನ್ನು ಒಂದು ಕ್ಷಣ ನೋಡಿದರು, ಆಮೇಲೆ ಬರೆದುಕೊಂಡರು. ಉಳಿದ ಮೂರಕ್ಕೂ ಉತ್ತರ ಬಂತು. ಹೇಳಿದ ಹನ್ನೆರಡೂ ಸರಿಯಾಗಿದ್ದವು. ಹನ್ನೆರಡು ಸರಿ ಬಂದದ್ದಕ್ಕಿಂತ ಆ ಒಂದಕ್ಕೆ ಗೊತ್ತಿಲ್ಲ ಎಂದದ್ದರಿಂದ ತಮಗೆ ನಂಬಿಕೆ ಬಂತು ಎಂದು ಗ್ರಾನ್ಯ ಕಾರಿನಲ್ಲಿ ವಾಪಸ್ ಹೋಗುವಾಗ ನನಗೆ ಹೇಳಿದರು. ಏಳನೆಯ ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ಬಾಣ ಅಳಿಸಿಹೋಗಿದ್ದ ಉಳಿದ ಮೂರು ತುಂಡುಗಳನ್ನು ಬದಿಗಿಟ್ಟೆವು. ತಿಂಗಳುಗಳ ನಂತರ, ಧೂಳಿನ ಪದರಗಳನ್ನು ಅಕ್ಕಪಕ್ಕದ ತುಂಡುಗಳ ಜೊತೆ ಹೊಂದಿಸಿ ನೋಡಿದಾಗ ಅವೂ ಪತ್ತೆಯಾದವು. ಫೋನಿನ ನಂತರವೂ ಕೈ ತಪ್ಪಿರಲಿಲ್ಲ. ಅದನ್ನು ಹೇಳಿದಾಗ ಮೆಂಡನ್ನರು, "ನೋಡಿ, ನಿಮ್ಮಿಂದಲೂ ಕೆಡಿಸ್ಲಿಕ್ಕೆ ಆಗ್ಲಿಲ್ಲ" ಎಂದು ಹೊಟ್ಟೆ ಕುಲುಕಿಸಿ ನಕ್ಕರು.

ಬಿರುಗಾಳಿಯ ಮುಂದಿನ ವಾರವೇ ಅವರು ತಮ್ಮ ಡ್ರಾಯರಿನಿಂದ ಬಲೆ ಹೊಲಿಯುವ ಕೆಂಪು ನೈಲಾನ್ ದಾರದ ಉಂಡೆ ತೆಗೆದಿದ್ದರು. "ಬಾಣ ಬರೀಬೇಡಿ ಇನ್ನು. ಬರೆದದ್ದು ಅಳೀತದೆ, ಗಂಟು ಅಳೀಲಿಕ್ಕಿಲ್ಲ. ತಲೆಯ ಕಡೆ ಒಂದು ಗಂಟು." ಬದಿಗಿಟ್ಟ ಮೂರನ್ನು ಬಿಟ್ಟು ಉಳಿದ ಎಲ್ಲ ಚೀಲಕ್ಕೂ ನಾವಿಬ್ಬರೂ ಕೂತು ಕಟ್ಟಿದೆವು. ಅವರದ್ದು ಬಲೆಗಾರರ ಗಂಟು, ಎಳೆದಷ್ಟೂ ಬಿಗಿಯುತ್ತದೆ, ಕೊನೆಗೆ ಎರಡು ಸಣ್ಣ ಬಾಲ ಉಳಿಯುತ್ತದೆ. ನನ್ನದು ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. "ನಿಮ್ಮ ಗಂಟು ನೋಡಿದ್ರೆ ಮೀನು ನಗ್ತದೆ" ಎನ್ನುತ್ತ ಪ್ರತಿಯೊಂದನ್ನೂ ಬಿಚ್ಚಿ ಮತ್ತೆ ಕಟ್ಟಿಸಿದರು. ಆ ದಿನ ಕ್ಷಮೆ ಕೇಳಿದೆ. "ಎಂಥದಕ್ಕೆ?" ಎಂದು ನಿಜವಾಗಿಯೂ ಮರೆತವರಂತೆ ಕೇಳಿದರು.

ಮುಂದಿನ ವರ್ಷ ನಾನು ಡಾಕ್ಟರಾದೆ. ಗ್ರಾನ್ಯ ಗ್ರೀನ್‌ಲ್ಯಾಂಡಿಗೆ ಐಸು ಕೊರೆಯಲು ಹೋಗುವ ತಂಡ ಕಟ್ಟುತ್ತಿದ್ದರು. ಅಲ್ಲಿ ಕೊರೆದ ಐಸನ್ನು ತುಂಬಿಸಿ ಕಾಯಲು ಒಬ್ಬರು ಬೇಕಿತ್ತು. ಕ್ಲಾಂಡಾಲ್ಕಿನ್‌ಗೆ ತಾವೇ ಬಂದು ಮೆಂಡನ್ನರನ್ನು ಕೇಳಿದರು. ಅವರು ಒಪ್ಪಲಿಲ್ಲ. ಐವತ್ತೆಂಟು ವಯಸ್ಸು, ಇಂಗ್ಲಿಷ್ ಅರ್ಧ, ಡಿಗ್ರಿ ಇಲ್ಲವೇ ಇಲ್ಲ. ಅರ್ಜಿಯಲ್ಲಿ ವಿದ್ಯಾರ್ಹತೆ ಎನ್ನುವ ಜಾಗ ನೋಡಿ ಕಾಗದ ಮಡಚಿ ನನ್ನ ಕೈಗೇ ಕೊಟ್ಟರು. ನಾನು ಅದನ್ನು ಅವರ ಮನೆಗೆ ತೆಗೆದುಕೊಂಡು ಹೋದೆ. ಸುಜಯಕ್ಕ ನೈಟ್ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದರು.

"ಇಷ್ಟು ವರ್ಷ ಯಂತ್ರದಲ್ಲಿ ಐಸ್ ಮಾಡಿದ್ರಿ" ಎಂದರು ಗಂಡನಿಗೆ. "ಒಮ್ಮೆ ದೇವರು ಮಾಡಿದ್ದನ್ನು ನೋಡಿ ಬನ್ನಿ. ನನಗೂ ಆ ಗೋಡೆಗೆ ಕಿವಿ ಕೊಡುವ ಕಥೆ ಕೇಳಿ ಸಾಕಾಯ್ತು."

ಇಲ್ಲೇ ಹುಟ್ಟಿ ಬೆಳೆದ ಮಗಳು ನಿಶಾ ಸೋಫಾದಿಂದ ತಲೆ ಎತ್ತದೆ, "ಯೂ'ಲ್ ಬಿ ಗ್ರ್ಯಾಂಡ್, ಡ್ಯಾಡ್" ಎಂದಳು; ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ಏನೂ ತೊಂದರೆಯಿಲ್ಲ ಎಂದರ್ಥ. ವಿದ್ಯಾರ್ಹತೆಯ ಜಾಗದಲ್ಲಿ ಬಿರುಗಾಳಿಯ ಕಥೆಯನ್ನು ನಾನೇ ಬರೆದೆ. ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋಯಿತು.

ಕೊನೆಯ ಸಲ ಅವರನ್ನು ನೋಡಿದ್ದು ಡಬ್ಲಿನ್ ಏರ್‌ಪೋರ್ಟಿನಲ್ಲಿ. ಮೈತುಂಬ ಹೊಸ ಕಿತ್ತಳೆ ಬಣ್ಣದ ಜಾಕೆಟ್, ತಲೆಯ ಮೇಲೆ ಅದೇ ಹಳೆಯ ಉಣ್ಣೆ ಟೋಪಿ. ಸೆಕ್ಯುರಿಟಿಯ ಸಾಲಿಗೆ ಹೋಗುವ ಮುನ್ನ ಹಸಿರು ಟೇಪಿನ ಡಬ್ಬವನ್ನು ನನ್ನ ಕೈಗಿಟ್ಟರು. "ಹಿಂದಿನ ಕೋಣೆ ಇನ್ನು ನಿಮ್ಮದು. ಹಸಿದುಕೊಂಡು ಒಳಗೆ ಹೋಗ್ಲಿಕ್ಕಿಲ್ಲ, ಆಯ್ತಾ?" ಎಂದರು. ನಾನು ಕರ್ಚೀಫಿನಿಂದ ಮೂಗು ಒರೆಸಿಕೊಂಡೆ. ಅವರು ನನ್ನ ಮೂಗನ್ನು ಪರೀಕ್ಷೆ ಮಾಡುವವರಂತೆ ನೋಡಿ, "ಕೆಂಪಗುಂಟು, ತೊಂದರೆ ಇಲ್ಲ" ಎಂದು ಹೊರಟರು.

ಎರಡು ತಿಂಗಳಿಗೆಂದು ಹೋದವರು. ತಂಡದವರು ಬಿಡಲಿಲ್ಲ, ಇವರಿಗೂ ಬರಲು ಮನಸ್ಸಿರಲಿಲ್ಲ; ಈಗ ಅಲ್ಲಿಂದಾಚೆಗೆ ಇನ್ನೊಂದು ಸಂಶೋಧನಾ ಸ್ಟೇಷನ್ನಿನಲ್ಲಿ, ಕೊರೆದ ತುಂಡುಗಳನ್ನಿಡುವ ಐಸಿನ ಗವಿಯನ್ನು ನೋಡಿಕೊಳ್ಳುತ್ತಿದ್ದಾರೆ. ರಜೆಗೆ ಸುಜಯಕ್ಕನೇ ಅಲ್ಲಿಗೆ ಹೋಗಿ ಬಂದರು. ಮೆಂಡನ್ನರು ನನಗೆ ಒಂದೇ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ತುಂಬ ಹೊತ್ತು ಬರೀ ಗಾಳಿಯ ಸದ್ದು. ಕೊನೆಯಲ್ಲಿ, "ಇಲ್ಲಿಯ ಐಸಿಗೆ ಕಿವಿ ಇಟ್ಟು ನೋಡಿದೆ ಡಾಕ್ಟ್ರೇ. ಮೋಟಾರೇ ಇಲ್ಲ! ಒಳಗೆ ನೀರು ಓಡುವುದು ಮಾತ್ರ ಕೇಳ್ತದೆ, ಅದು ಒಳ್ಳೆಯ ಶಬ್ದ ಅಲ್ಲ. ಬೇಗ ಬೇಗ ತೆಗೆದು ಕಳಿಸ್ತೇವೆ, ನೀವು ಓದಿ."

ಅವರು ತುಂಬಿಸಿದ ಮೊದಲ ಪೆಟ್ಟಿಗೆಗಳು ಹೋದ ವಾರ ಕ್ಲಾಂಡಾಲ್ಕಿನ್‌ಗೆ ಬಂದವು. ದೋಸೆ ತಿಂದೆ. ಟೋಪಿ ಸರಿಸಿ ಗೋಡೆಗೆ ಕಿವಿ ಇಟ್ಟೆ. ಕಂಪ್ರೆಸರು ಏನು ಹೇಳುತ್ತದೋ ನನಗೆ ಇನ್ನೂ ತಿಳಿಯುವುದಿಲ್ಲ, ಆದರೂ ಇಟ್ಟೆ. ಒಳಗೆ ಹೋಗಿ ಮೊದಲ ಮುಚ್ಚಳ ತೆಗೆದೆ. ಚೀಲಗಳ ಮೇಲೆ ಎಲ್ಲೂ ಬಾಣವಿರಲಿಲ್ಲ. ಪ್ರತಿಯೊಂದರ ಒಂದು ತುದಿಗೆ ಕೆಂಪು ದಾರ, ಎರಡು ಸಣ್ಣ ಬಾಲ ಬಿಟ್ಟ ಗಂಟು. ಗಂಟುಗಳು ಒಂದು ಇತ್ತ, ಒಂದು ಅತ್ತ, ಮತ್ತೊಂದು ಇತ್ತ. ತಂಡದ ಆ ಹೊಸ ಪೆಟ್ಟಿಗೆಗೆ ನೀರು ಇಳಿಯುವ ತೂತು ಇರಲಿಲ್ಲ. ಅದಕ್ಕೇ ಒಂದು ತುದಿಯಲ್ಲಿ ಕಪ್ಪು ಪೆನ್ನಿನಿಂದ ತೂತಿನಷ್ಟೇ ದೊಡ್ಡ ಸೊನ್ನೆ ಬರೆದಿದ್ದರು. ಮೊದಲ ತುಂಡಿನ ಗಂಟು ಅದರ ಕಡೆಗೇ ಇತ್ತು.